ದಾಸರು ಕೇಳಿದ್ದು ಬಾಗಿಲು

ಶ್ರೀ ಗುರುಭ್ಯೋ ನಮಃ. ಹರಿಃ ಓಂ.

ಕಳೆದ ಕನಕ ಜಯಂತಿಗೆ ಮೆಲ್ಬರ್ನ್‌ನ ಪಶ್ಚಿಮದ ಕಡೆಯ ಒಂದು ಭಜನಾ ಮಂಡಳಿಯವರು ನನ್ನನ್ನು ಸಿಡ್ನಿಯಿಂದ ಕರೆಸಿಕೊಂಡಿದ್ದರು. ಇಪ್ಪತ್ತು ನಿಮಿಷ ಮಾತಾಡಿ ಅಂದಿದ್ದರು, ನಾನು ಮುಕ್ಕಾಲು ಗಂಟೆ ತಗೊಂಡೆ. ಅಡುಗೆ ಮನೆಯಲ್ಲಿ ಪಾಯಸ ಆರಿಹೋಯ್ತು ಅಂತ ಆಮೇಲೆ ಗೊತ್ತಾಯ್ತು. ಅವತ್ತು ಬರಲಾಗದ ಕೆಲವರು ಬರೆದು ಕಳಿಸಿ ಅಂತ ಕೇಳುತ್ತಲೇ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಹೇಳಲು ಧೈರ್ಯ ಸಾಲದೆ ಬಿಟ್ಟ ಒಂದೆರಡು ಮಾತನ್ನೂ ಸೇರಿಸಿದ್ದೇನೆ.

ಕಥೆ ನಿಮಗೆಲ್ಲ ಗೊತ್ತಿರುವುದೇ. ಬಾಡದ ತಿಮ್ಮಪ್ಪನಾಯಕರು ಕಾಗಿನೆಲೆ ಆದಿಕೇಶವನ ದಾಸರಾದರು, ವ್ಯಾಸರಾಯರ ಶಿಷ್ಯರಾದರು. ಉಡುಪಿಗೆ ಬಂದಾಗ ಹುಟ್ಟಿದ ಜಾತಿಯ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಗುಡಿಯ ಹಿಂದೆ ಹೋಗಿ ನಿಂತು ಹಾಡಿದರು. ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ, ಆ ಬಿರುಕಿನಲ್ಲೇ ದಾಸರಿಗೆ ದರ್ಶನ ಕೊಟ್ಟ ಅಂತ ಐತಿಹ್ಯ. ಇವತ್ತಿಗೂ ಉಡುಪಿಯ ಕೃಷ್ಣ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದ್ದಾನೆ. ನಾವು ಊರಿಗೆ ಹೋದಾಗಲೆಲ್ಲ ಆ ಕಡೆ ಒಂದು ಸುತ್ತು ಹೋಗಿ ಕನಕನ ಕಿಂಡಿ ನೋಡಿ ಕಣ್ಣು ತುಂಬಿಕೊಂಡು ಬರ್ತೀವಿ. ಮೊಮ್ಮಕ್ಕಳಿಗೆ ತೋರಿಸ್ತೀವಿ. ಫೋಟೋ ತಗೋತೀವಿ.

ಇಷ್ಟು ವರ್ಷ ನಾನು ಈ ಕಥೆಯನ್ನು ಕೃಷ್ಣ ತಿರುಗಿದ ಅನ್ನುವಲ್ಲಿಗೆ ನಿಲ್ಲಿಸುತ್ತಿದ್ದೆ. ಚಪ್ಪಾಳೆ ಬೀಳುವುದೂ ಅಲ್ಲೇ. ಆದರೆ ಮುಂದಿನದನ್ನು ಒಂದು ಸಲ ಯೋಚನೆ ಮಾಡಿ. ದರ್ಶನ ಆಯ್ತು, ಸರಿ. ಆಮೇಲೆ ದಾಸರು ಎಲ್ಲಿದ್ದರು? ಗೋಡೆಯ ಹೊರಗೇ ಇದ್ದರು. ದೇವರು ತಿರುಗಿದ, ಬಾಗಿಲಲ್ಲಿ ನಿಂತಿದ್ದ ಜನ ತಿರುಗಲಿಲ್ಲ. ಬಾಗಿಲು ತೆರೆದು ಸೇವೆ ಕೊಡು ಅಂತ ದಾಸರು ಹರಿಯನ್ನು ಬೇಡಿದ ಪದ ನಮ್ಮೆಲ್ಲರಿಗೂ ಬಾಯಿಪಾಠ, ಹಾಡದ ಮಂಡಳಿಯೇ ಇಲ್ಲ. ಅದರಲ್ಲಿ ಅವರು ಕೇಳಿದ್ದು ಬಾಗಿಲು. ನಾವು ಐನೂರು ವರ್ಷದಿಂದ ಕಿಂಡಿಯನ್ನು ಕೊಂಡಾಡುತ್ತಾ ಬಂದಿದ್ದೇವೆ.

ಇದು ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಒಂದು ತಪ್ಪು ಮಾಡಿ ಕಲಿತದ್ದು. ಆ ತಪ್ಪನ್ನೇ ಅವತ್ತು ಮೆಲ್ಬರ್ನ್‌ನಲ್ಲಿ ಹೇಳಿಕೊಂಡೆ.

2019ರ ಜುಲೈ. ಸಿಡ್ನಿಯ ಪಶ್ಚಿಮದಲ್ಲಿ, ಪೆಂಡಲ್ ಹಿಲ್, ಟೂಂಗಾಬಿ ಕಡೆ ನಮ್ಮ ಮಂಡಳಿ ಒಂದು ಕಮ್ಯುನಿಟಿ ಹಾಲ್ ಬಾಡಿಗೆಗೆ ಹಿಡಿದು ತಿಂಗಳಿಗೆ ಎರಡು ಶನಿವಾರ ಭಜನೆ ನಡೆಸುತ್ತಿತ್ತು. ಮಂಡಳಿಯ ಹೆಸರು ಬೇಡ. ಚಳಿಗಾಲದ ಮಳೆ. ಹೊಸದಾಗಿ ಬಂದ ಒಂದು ಸಂಸಾರ, ಗಂಡ ಹೆಂಡತಿ, ಆರು ವರ್ಷದ ಮಗ. ಮೂರ್ನಾಲ್ಕು ಸಲದಿಂದ ಬರ್ತಾ ಇದ್ದರು, ಹಿಂದೆ ಬಾಗಿಲ ಪಕ್ಕದಲ್ಲೇ ಕೂರೋರು. ಹುಡುಗ ಮಾತಾಡುತ್ತಿರಲಿಲ್ಲ. ಕೂತಲ್ಲೇ ತೂಗುತ್ತಿದ್ದ, ಬೆರಳನ್ನು ಕಣ್ಣ ಮುಂದೆ ಆಡಿಸುತ್ತಿದ್ದ, ಕೆಲವು ಸಲ ಎದ್ದು ಹಾಲಿನ ಉದ್ದಕ್ಕೂ ಓಡುತ್ತಿದ್ದ. ನಾವೆಲ್ಲ ನೋಡಿಯೂ ನೋಡದವರ ಹಾಗೆ ಇದ್ದೆವು. ಅದನ್ನೇ ದೊಡ್ಡ ಸೌಜನ್ಯ ಅಂದುಕೊಂಡಿದ್ದೆವು.

ಅವತ್ತು ಮಂಗಳಾರತಿಗೆ ಜಾಗಟೆ ಬಾರಿಸಿದರು, ಜೊತೆಗೆ ಶಂಖ. ಹಾಲಿನ ತಗಡಿನ ಮಾಡಿಗೆ ಆ ಸದ್ದು ಬಡಿದು ದುಪ್ಪಟ್ಟಾಗಿ ಬರುತ್ತೆ. ಹುಡುಗ ಕಿವಿ ಮುಚ್ಚಿಕೊಂಡು ಕಿರುಚಿದ. ಆ ಕಿರುಚಾಟ ನನಗೆ ಇವತ್ತೂ ಕೇಳಿಸುತ್ತೆ. ಓಡಿ ಬಂದು ಆರತಿ ತಟ್ಟೆಗೆ ಕೈ ಬಡಿದ, ಬತ್ತಿ ಚಾಪೆಯ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಚಾಪೆ ಒಂದಿಷ್ಟು ಸುಟ್ಟಿತು. ಮೈಕ್ ನನ್ನ ಕೈಯಲ್ಲಿತ್ತು. ಅದರಲ್ಲೇ ಹೇಳಿದೆ: "ದಯವಿಟ್ಟು ಮಗುನ ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ತೀರಾಮ್ಮ?"

ಒರಟಾಗಿ ಹೇಳಲಿಲ್ಲ. ನನ್ನ ದನಿ ಬಹಳ ಮೆದುವಾಗಿತ್ತು. ಅದೇ ಈಗ ಹೆಚ್ಚು ಚುಚ್ಚುತ್ತೆ. ಉಡುಪಿಯ ಬಾಗಿಲಲ್ಲಿ ದಾಸರನ್ನು ತಡೆದವರೂ ಮೆದುವಾಗಿಯೇ ಹೇಳಿರಬಹುದು.

ಹಾಲಿನ ಮುಂಬಾಗಿಲು ಗಾಜಿನದು, ಅದರಾಚೆ ಚಪ್ಪಲಿ ಬಿಡುವ ಪಡಸಾಲೆ. ಅಲ್ಲಿ ಆ ತಾಯಿ ಮಗನನ್ನು ಅಪ್ಪಿಕೊಂಡು ನೆಲದ ಮೇಲೆ ಕೂತಿದ್ದರು. ನಾವು ಮಂಗಳ ಹಾಡಿದೆವು. ಮುಗಿಯುವ ಹೊತ್ತಿಗೆ ಹುಡುಗ ಶಾಂತನಾಗಿ ಗಾಜಿಗೆ ಮೂಗು ಒತ್ತಿ ಒಳಗೆ ದೀಪವನ್ನೇ ನೋಡುತ್ತಾ ನಿಂತಿದ್ದ. ನಾನು ನೋಡಿದೆ. ಆದರೂ ಎದ್ದು ಹೋಗಿ ಬಾಗಿಲು ತೆಗೆಯಲಿಲ್ಲ, ಪ್ರಸಾದದ ತಟ್ಟೆ ಜೋಡಿಸೋಕೆ ಹೋದೆ.

ಆಮೇಲೆ ಅವರು ಬರಲಿಲ್ಲ. ಒಂದು ಶನಿವಾರ ಜ್ವರ, ಇನ್ನೊಂದು ಶನಿವಾರ ಯಜಮಾನರಿಗೆ ಶಿಫ್ಟ್, ಮತ್ತೊಂದು ಸಲ ಕಾರ್ ಸರ್ವಿಸ್‌ಗೆ ಕೊಟ್ಟಿದೆ. ನಾನು ಭಜನೆಯ ರೆಕಾರ್ಡಿಂಗನ್ನು ಅವರಿಗೆ ವಾಟ್ಸಾಪ್ ಮಾಡುತ್ತಿದ್ದೆ. ತಪ್ಪದೆ ಕೈಮುಗಿದ ಚಿತ್ರ ಬರುತ್ತಿತ್ತು. ಇಬ್ಬರಿಗೂ ಸಮಾಧಾನ.

ಇಲ್ಲಿ ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆ ನೆನಪಾಗುತ್ತೆ. ಮುಂದೆ ಜಗನ್ನಾಥದಾಸರಾಗಿ ನಮಗೆ ಹರಿಕಥಾಮೃತಸಾರ ಕೊಟ್ಟ ಮಹಾನುಭಾವರು. ಆಗಿನ್ನೂ ಸಂಸ್ಕೃತ ಪಾಂಡಿತ್ಯದ ಹೆಮ್ಮೆ. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ವಿಜಯದಾಸರ ಪಂಕ್ತಿಯಲ್ಲಿ ಊಟಕ್ಕೆ ಕೂರಲು ಮನಸ್ಸಿಲ್ಲ. ಹೊಟ್ಟೆನೋವು ಅಂತ ಹೇಳಿ ಕಳಿಸಿದರು. ಸುಳ್ಳು ಹೊಟ್ಟೆನೋವು ನಿಜದ ಹೊಟ್ಟೆನೋವಾಯ್ತು. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆ ಎರೆದು ಅವರನ್ನು ಉಳಿಸಿದರು ಅಂತ ಸಂಪ್ರದಾಯ. ಅಲ್ಲಿ ನೆಪವೂ ಅಹಂಕಾರವೂ ಒಬ್ಬರದೇ ಆಗಿತ್ತು. ನಮ್ಮ ಹಾಲಿನಲ್ಲಿ ಹಾಗಲ್ಲ. ಜ್ವರದ ನೆಪ ಅವರದು, ಅಹಂಕಾರ ನಮ್ಮದು. ಹೊಟ್ಟೆನೋವು ಬರಬೇಕಾಗಿದ್ದದ್ದು ನನಗೆ.

ಬಂತು, ಸ್ವಲ್ಪ ತಡವಾಗಿ. 2020ರಲ್ಲಿ ಕೋವಿಡ್ ಬಂದು ಹಾಲ್ ಮುಚ್ಚಿತು. ಮೆಲ್ಬರ್ನ್‌ನವರಿಗೆ ನಾನು ಆ ದಿನಗಳನ್ನು ಹೇಳಬೇಕಾಗಿಲ್ಲ, ಎಲ್ಲ ಸೇರಿ 262 ದಿನ ಮನೆಯೊಳಗೆ ಕಳೆದವರು. ನಾವೂ ಝೂಮ್‌ನಲ್ಲಿ ಭಜನೆ ಶುರು ಮಾಡಿದೆವು. ಎಲ್ಲರೂ ಒಂದೊಂದು ಚೌಕದೊಳಗೆ. ಒಂದು ಚೌಕದಲ್ಲಿ ಆ ಸಂಸಾರ! ಒಂದು ವಾರವೂ ತಪ್ಪಿಸಲಿಲ್ಲ. ಹುಡುಗ ಸೋಫಾ ಮೇಲೆ ಕುಣಿಯುತ್ತಿದ್ದ, ದನಿ ಹೆಚ್ಚಾದರೆ ತಾನೇ ಬಂದು ವಾಲ್ಯೂಮ್ ಇಳಿಸುತ್ತಿದ್ದ, ಮುಖ್ಯಪ್ರಾಣನ ಹಾಡಿಗೆ ಸರಿಯಾಗಿ ಎದ್ದು ನಿಲ್ಲುತ್ತಿದ್ದ. ಇಷ್ಟು ಇಷ್ಟಪಡುವ ಮಗುವನ್ನಾ ನಾನು ಹೊರಗೆ ಕಳಿಸಿದ್ದು ಅನ್ನಿಸಿತು.

ಸಿಡ್ನಿಯ ಎರಡನೇ ಲಾಕ್‌ಡೌನ್ 2021ರ ಅಕ್ಟೋಬರಿನಲ್ಲಿ ಮುಗಿಯಿತು. ನಾವು ಹಾಲಿಗೆ ವಾಪಸ್ ಬಂದೆವು. ಕಮಿಟಿಯಲ್ಲಿ ಯಾರೋ ಅಂದರು, "ಅವರಿಗೆ ಝೂಮೇ ಅನುಕೂಲ, ಒಂದು ಲ್ಯಾಪ್‌ಟಾಪ್ ಇಟ್ಟುಬಿಡೋಣ." ಎಲ್ಲರೂ ತಲೆಯಾಡಿಸಿದರು. ಒಳ್ಳೆ ಮನಸ್ಸಿನಿಂದಲೇ. ಆಗ ನನಗೆ ಗಾಜಿಗೆ ಒತ್ತಿದ ಆ ಮೂಗು ಕಣ್ಣಿಗೆ ಬಂತು. ನಾವು ಕಿಂಡಿ ಕೊರೆಯುತ್ತಿದ್ದೇವೆ ಅನ್ನಿಸಿತು.

ಮಾರನೇ ದಿನ ಅವರ ಮನೆಗೆ ಹೋದೆ. ಎರಡು ವರ್ಷ ಮೂರು ತಿಂಗಳು ತಡವಾಗಿ ಹೋದೆ, ಇದನ್ನೂ ಬರೆಯಲೇಬೇಕು. ಕೋಡುಬಳೆ ಡಬ್ಬಿ ಹಿಡಿದು ಹೋಗಿದ್ದೆ. ಆಕೆ ಕಾಫಿ ಕೊಟ್ಟರು. ಮಾತು ಆಡಬೇಕಾದವಳು ನಾನು, ಆದರೆ ಬಾಯಿ ಬರದೆ ಒಂದು ಕಥೆ ಹೇಳಲು ಹೊರಟೆ, ನಮಗೆ ಅಭ್ಯಾಸ ಅದೊಂದೇ ತಾನೆ. ಕನಕದಾಸರ ರಾಮಧಾನ್ಯಚರಿತ್ರೆ. ಭತ್ತಕ್ಕೂ ರಾಗಿಗೂ ಜಗಳ. ಯಾರು ಹೆಚ್ಚು? ಭತ್ತ ರಾಗಿಯನ್ನು ಕೀಳು ಅಂತ ಹಂಗಿಸುತ್ತೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿ ನಿಂತಿದೆ. ರಾಮ ಅದಕ್ಕೆ ತನ್ನ ಹೆಸರನ್ನೇ ಕೊಡುತ್ತಾನೆ, ರಾಘವನ ಹೆಸರೇ ರಾಗಿ ಆಯ್ತು. "ನೋಡಮ್ಮ, ನಿನ್ನ ಮಗನೂ ಹಾಗೇ, ಅವನಲ್ಲೂ ಏನೋ ವಿಶೇಷ ಇರುತ್ತೆ" ಅಂದೆ.

ಆಕೆ ಲೋಟ ಕೆಳಗಿಟ್ಟರು. "ಆಂಟಿ, ಒಂದು ಮಾತು ಕೇಳ್ಲಾ? ರಾಗಿ ಯಾಕೆ ಆರು ತಿಂಗಳು ಜೈಲಲ್ಲಿ ಇರಬೇಕಿತ್ತು? ಕೆಡದೆ ಉಳಿದರೇನೇ ಬೆಲೆನಾ? ಎಲ್ಲರೂ ಕೇಳ್ತಾರೆ, ಇಂಥ ಮಕ್ಕಳಿಗೆ ಏನೋ ಒಂದು ಟ್ಯಾಲೆಂಟ್ ಇರುತ್ತಂತಲ್ಲ, ಇವನಿಗೆ ಏನು ಅಂತ. ಏನೂ ಇಲ್ಲ ಆಂಟಿ. ಲೆಕ್ಕ ಬರಲ್ಲ, ಹಾಡೋಕೆ ಬರಲ್ಲ. ಅವನಿಗೆ ದೀಪ ಇಷ್ಟ, ಅಷ್ಟೇ. ಅಷ್ಟಕ್ಕೇ ಒಳಗೆ ಕೂರಿಸ್ಕೋತೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಆ ಕಥೆ ಹೇಳ್ತಾ ಬಂದವಳು ನಾನು. ಮೇಲು ಕೀಳು ಅಂದವರ ಸೊಕ್ಕು ಮುರಿಯಲು ದಾಸರು ಆ ಕಾವ್ಯ ಬರೆದರು, ಅದರ ಹಿರಿಮೆ ಎಲ್ಲೂ ಹೋಗಲ್ಲ. ಆದರೆ ಅದನ್ನು ಒಬ್ಬ ತಾಯಿಯ ಮುಂದೆ ಇಟ್ಟಾಗ ನಾನು ಅವಳ ಮಗನನ್ನು ಮತ್ತೆ ಒಂದು ಪರೀಕ್ಷೆಗೆ ಕೂರಿಸಿದ್ದೆ. ಪರೀಕ್ಷೆ ಅಂದರೆ ನಮಗೂ ಗೊತ್ತಿರಬೇಕು. ಈ ದೇಶದ ಬಾಗಿಲು ಒಂದು ಕಾಲದಲ್ಲಿ ನಮ್ಮ ಬಣ್ಣದವರಿಗೆ ಮುಚ್ಚಿತ್ತು. 1901ರ ಕಾನೂನಿನಲ್ಲಿ ಬೇಡದವರನ್ನು ಹೊರಗಿಡಲು ಒಂದು ಉಕ್ತಲೇಖನದ ಪರೀಕ್ಷೆ ಇತ್ತು, ಅಧಿಕಾರಿ ತನಗೆ ತೋಚಿದ ಯೂರೋಪಿನ ಭಾಷೆಯಲ್ಲಿ ಹೇಳಿ ಬರೆಸಬಹುದಿತ್ತು, ಪಾಸಾಗಬಾರದು ಅಂತಲೇ ಇಟ್ಟ ಪರೀಕ್ಷೆ. ಬಣ್ಣ ನೋಡಿ ಆರಿಸುವ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. ಅದಾದ ಮೇಲೆ ಒಳಗೆ ಬಂದವರು ನಾವು. ಬಂದು ಕೂತು, ನಮ್ಮ ಪುಟ್ಟ ಬಾಗಿಲಲ್ಲಿ ನಾವೇ ಪರೀಕ್ಷೆ ಇಟ್ಟಿದ್ದೇವೆ: ಸುಮ್ಮನೆ ಕೂರುತ್ತಾನಾ? ಹೇಳಿದಾಗ ಶ್ಲೋಕ ಹೇಳುತ್ತಾಳಾ?

ಆವತ್ತು ಆಕೆ ಇನ್ನೊಂದು ವಿಷಯ ಹೇಳಿದರು, ಅದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಮಗನ ಬಗ್ಗೆ ಅವರು ಯಾರ ಹತ್ತಿರವೂ ಬಾಯಿ ಬಿಡದಿದ್ದದ್ದು ಬರೀ ಸಂಕೋಚದಿಂದ ಅಲ್ಲ, ಭಯದಿಂದ. ಆಗ ಅವರು ತಾತ್ಕಾಲಿಕ ವೀಸಾದಲ್ಲಿದ್ದರು. ಪಿಆರ್‌ಗೆ ಹಾಕಿದರೆ ಮನೆಯವರೆಲ್ಲರ ಆರೋಗ್ಯ ಪರೀಕ್ಷೆ ಆಗುತ್ತೆ, ಒಬ್ಬರ ಕಾರಣಕ್ಕೆ ಸರ್ಕಾರಕ್ಕೆ ಇಷ್ಟಕ್ಕಿಂತ ಹೆಚ್ಚು ಖರ್ಚು ಬರಬಹುದು ಅಂತ ಲೆಕ್ಕ ಹಾಕಿದರೆ ಇಡೀ ಸಂಸಾರದ ಅರ್ಜಿ ಬೀಳಬಹುದು. ಆ ಮಿತಿ ಆಗ 51,000 ಡಾಲರ್ ಇತ್ತು, 2024ರ ಜುಲೈಯಿಂದ 86,000ಕ್ಕೆ ಏರಿದೆ. ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅಂತ 1992ರಲ್ಲೇ ಈ ದೇಶ ಒಳ್ಳೆಯ ಕಾಯಿದೆ ಮಾಡಿದೆ, ಆದರೆ ವಲಸೆ ಕಾನೂನನ್ನು ಅದರಿಂದ ಹೊರಗಿಟ್ಟಿದೆ. ಎನ್‌ಡಿಐಎಸ್ ಅಂತ ನಾವು ಹೊಗಳುವ ಯೋಜನೆ, 2013ರಲ್ಲಿ ಶುರುವಾದದ್ದು, ಅದೂ ಸಾಮಾನ್ಯವಾಗಿ ಪೌರರಿಗೆ ಮತ್ತು ಪಿಆರ್ ಇದ್ದವರಿಗೆ ಮಾತ್ರ. ತಾತ್ಕಾಲಿಕ ವೀಸಾದವರು ಸ್ಪೀಚ್ ಥೆರಪಿಯಿಂದ ಹಿಡಿದು ಎಲ್ಲಕ್ಕೂ ಕೈಯಿಂದ ಕೊಡಬೇಕು.

ಈಗ ಯೋಚನೆ ಮಾಡಿ. ಪ್ರಸಾದದ ಸಾಲಿನಲ್ಲಿ ನಾವು ಹಗುರವಾಗಿ ಕೇಳ್ತೀವಿ: "ಮಗೂಗೆ ಏನು ಪ್ರಾಬ್ಲಂ? ಡಾಕ್ಟರ್ ಏನಂದ್ರು? ಪಿಆರ್ ಆಯ್ತಾ?" ಅನುಕಂಪದ ಮಾತು ಅಂತ ನಮ್ಮ ಭಾವನೆ. ಆ ತಾಯಿಯ ಎದೆ ಅಲ್ಲೇ ನಡುಗುತ್ತೆ. ಆ ಸಂಸಾರದ ವೀಸಾ ಏನಾಯ್ತು ಅಂತ ದಯವಿಟ್ಟು ನನ್ನನ್ನು ಕೇಳಬೇಡಿ, ಅದು ಅವರ ಮನೆ ವಿಷಯ.

"ನಾನೇನು ಮಾಡ್ಲಮ್ಮ?" ಅಂತ ಕೊನೆಗೆ ಕೇಳಿದೆ. ಆಕೆ ನಕ್ಕರು. "ಇದನ್ನ ಯಾರೂ ಕೇಳೇ ಇರಲಿಲ್ಲ ಆಂಟಿ." ಆಮೇಲೆ ಒಂದೊಂದಾಗಿ ಹೇಳಿದರು. ಏನೂ ದೊಡ್ಡದಲ್ಲ. ಜಾಗಟೆ ಬಾರಿಸುವ ಮುಂಚೆ ಒಂದು ಮಾತು ಹೇಳಿ. ಟ್ಯೂಬ್‌ಲೈಟ್ ಅರ್ಧ ಆರಿಸಿದರೆ ಒಳ್ಳೆಯದು. ಗೋಡೆ ಪಕ್ಕ ಒಂದು ಮೂಲೆ ಅವನದು ಅಂತ ಬಿಡಿ. ಅವನು ಎದ್ದು ಓಡಾಡಿದರೆ ಎಲ್ಲರೂ ತಿರುಗಿ ನೋಡಬೇಡಿ. ಮತ್ತೆ, ಮುಂದೆ ಏನು ಬರುತ್ತೆ ಅಂತ ಅವನಿಗೆ ಮೊದಲೇ ಗೊತ್ತಾದರೆ ಅರ್ಧ ಗಾಬರಿ ಕಡಿಮೆ.

ಈ ಕೊನೆಯ ಮಾತು ಕೇಳಿ ನನಗೆ ಆಶ್ಚರ್ಯವಾಯ್ತು. ಮುಂದೆ ಏನು ಬರುತ್ತೆ ಅಂತ ಗೊತ್ತಿರುವುದೇ ಅಲ್ವೇ ನಮ್ಮ ಭಜನಾ ಪದ್ಧತಿ! ಗಣಪತಿ, ಸರಸ್ವತಿ, ಗುರುಗಳು, ಮುಖ್ಯಪ್ರಾಣ, ಲಕ್ಷ್ಮಿ, ಹರಿ, ಆಮೇಲೆ ಮಂಗಳ. ತಾರತಮ್ಯದ ಕ್ರಮ, ಮೆಟ್ಟಿಲು ಹತ್ತಿದ ಹಾಗೆ. ಹುಡುಗ ಝೂಮ್‌ನಲ್ಲಿ ಮುಖ್ಯಪ್ರಾಣನಿಗೆ ಏಳುತ್ತಿದ್ದದ್ದು ಅದಕ್ಕೇ. ಹಿರಿಯರು ಹಾಕಿಕೊಟ್ಟ ಕ್ರಮ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೆಡಿಸುತ್ತಿದ್ದವರು ನಾವೇ, ಯಾರೋ ತಡವಾಗಿ ಬಂದು ಹೊಸ ಹಾಡು ಹಾಡ್ತೀನಿ ಅಂದರೆ ನಡುವೆ ತುರುಕಿ. ನಮ್ಮ ಮಂಡಳಿಯ ಒಬ್ಬ ಹುಡುಗಿ ಏಳು ಚಿತ್ರ ಬರೆದು ಪ್ಲಾಸ್ಟಿಕ್ ಹಾಕಿಸಿ ಒಂದು ಹಲಗೆಗೆ ಅಂಟಿಸಿಕೊಟ್ಟಳು. ಒಂದು ಹಾಡು ಮುಗಿದ ಕೂಡಲೇ ಹುಡುಗ ಆ ಚಿತ್ರ ಕಿತ್ತು ಡಬ್ಬಿಗೆ ಹಾಕುತ್ತಾನೆ. ಈಗ ಬೇರೆ ಮಕ್ಕಳೂ ಅದಕ್ಕೆ ಜಗಳ ಆಡುತ್ತವೆ. ನಿಜ ಹೇಳಬೇಕೆಂದರೆ ಇನ್ನೆಷ್ಟು ಹಾಡಿದೆ ಅಂತ ನೋಡೋಕೆ ದೊಡ್ಡವರೂ ಆ ಕಡೆ ಕಣ್ಣು ಹಾಯಿಸುತ್ತಾರೆ.

ಪುರಂದರದಾಸರನ್ನು ನಾವು ಕರ್ನಾಟಕ ಸಂಗೀತದ ಪಿತಾಮಹರು ಅಂತೀವಿ. ಅಷ್ಟು ದೊಡ್ಡವರು ಮಾಡಿದ ಅತಿ ಸಣ್ಣ ಕೆಲಸವನ್ನು ಮರೀತೀವಿ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ, ಹೀಗೆ ಒಂದೊಂದೇ ಮೆಟ್ಟಿಲು ಕಟ್ಟಿ ಮಕ್ಕಳ ಕಾಲಿಗೆ ಎಟುಕುವಂತೆ ಇಟ್ಟರು ಅನ್ನುತ್ತೆ ಸಂಪ್ರದಾಯ. ಮಗುವೇ ಮೇಲಕ್ಕೆ ಹಾರಲಿ ಅನ್ನಲಿಲ್ಲ, ಮೆಟ್ಟಿಲನ್ನೇ ತಗ್ಗಿಸಿದರು. ಟೂಂಗಾಬಿಯ ಆ ತಾಯಿ ಕೇಳಿದ್ದೂ ಇದನ್ನೇ, ಇನ್ನೊಂದೆರಡು ಮೆಟ್ಟಿಲು ಕೆಳಗೆ.

ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ಮಂಡಳಿಯ ಹಿರಿಯರೊಬ್ಬರಿದ್ದಾರೆ, ಮೇಷ್ಟ್ರು ಅಂತ ಕರೀತೀವಿ. ಜಾಗಟೆ ಇಲ್ಲದ ಮಂಗಳಾರತಿ ಎಂಥದ್ದು, ಒಬ್ಬರಿಗೋಸ್ಕರ ಎಲ್ಲರೂ ಸಂಪ್ರದಾಯ ಬಿಡಬೇಕಾ ಅಂತ ಕೇಳಿದರು. ಅವರ ಮಾತಿನಲ್ಲೂ ಅರ್ಥ ಇದೆ, ನಾನು ತಳ್ಳಿಹಾಕಲ್ಲ. ಊರು ಬಿಟ್ಟು ಬಂದವರಿಗೆ ಆ ಸದ್ದೇ ಊರು. ಎರಡು ಮೀಟಿಂಗ್ ಆಯ್ತು. ಒಬ್ಬರು ಹೇಳಿದರು, ಇಲ್ಲಿಯ ಕೋಲ್ಸ್ ಅಂಗಡಿಯವರು 2017ರಿಂದ ಆಟಿಸಂ ಇರುವವರಿಗೋಸ್ಕರ ಕ್ವೈಟ್ ಅವರ್ ಅಂತ ಇಟ್ಟಿದ್ದಾರೆ, ಲೈಟ್ ಇಳಿಸ್ತಾರೆ, ರೇಡಿಯೋ ಸದ್ದು ತಗ್ಗಿಸ್ತಾರೆ, ಹಾಲು ತರಕಾರಿ ಮಾರೋರು ಮಾಡಿದ್ದನ್ನ ಹರಿನಾಮ ಹಾಡೋರು ಮಾಡಲಿಕ್ಕೆ ಆಗಲ್ವಾ ಅಂತ. ಮೇಷ್ಟ್ರು ಸುಮ್ಮನಾದರು, ಒಪ್ಪಲಿಲ್ಲ. ಎರಡು ಮನೆಯವರು ಬರುವುದನ್ನೇ ನಿಲ್ಲಿಸಿದರು. ಅದೂ ನೋವೇ. ಎಲ್ಲರನ್ನೂ ಒಳಗೆ ಕೂರಿಸಿಕೊಳ್ಳುತ್ತೇವೆ ಅಂದ ದಿನವೇ ಇಬ್ಬರು ಎದ್ದು ಹೋದರು, ಅವರ ಮನೆಗೂ ನಾನು ಹೋಗಬೇಕಾಯ್ತು, ಹೋದೆ. ಒಬ್ಬರು ವಾಪಸ್ ಬಂದರು.

ಕೊನೆಗೆ ಮೇಷ್ಟ್ರೇ ಒಂದು ದಾರಿ ಹುಡುಕಿದರು. ಆರತಿಗೆ ಸಣ್ಣ ಕೈಗಂಟೆ. ಅದಕ್ಕೂ ಮುಂಚೆ ಅವರು ಎದ್ದು ನಿಂತು ಕೈ ಎತ್ತಿ ತೋರಿಸುತ್ತಾರೆ. ಹುಡುಗ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ತಾನೂ ಕೈ ಎತ್ತುತ್ತಾನೆ. ಆಮೇಲೆ ಗಂಟೆ. ಎಲ್ಲ ಮುಗಿದು ಅವರ ಕಾರು ಹೊರಟ ಮೇಲೆ ಮೇಷ್ಟ್ರು ಒಬ್ಬರೇ ದೇವರ ಮುಂದೆ ನಿಂತು ಮೂರು ಸಲ ಜಾಗಟೆ ಬಾರಿಸಿ ಚೀಲಕ್ಕೆ ಹಾಕುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಇದೆಲ್ಲ ತಾನಾಗೇ ಇತ್ತು ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. ಹಾಸನದ ಕಡೆ ನಮ್ಮಜ್ಜಿಯ ಊರಿನ ರಾಮಮಂದಿರದಲ್ಲಿ ಮಾತು ಬಾರದ ಒಬ್ಬರು ಇದ್ದರು, ಶನಿವಾರದ ಭಜನೆಗೆ ದೀಪಕ್ಕೆ ಎಣ್ಣೆ ಹಾಕುವುದು ಅವರೇ. ಅವರಿಲ್ಲದೆ ಶುರುವಾಗುತ್ತಿರಲಿಲ್ಲ. ಆದರೆ ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ, ಅವರ ಕೊರತೆಯೇ ಅವರ ಹೆಸರಾಗಿತ್ತು. ಅವರ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಮಗುವಿಗೆ ಬಾಗಿಲು ತೆಗೆದ ಮೇಲೆ ಉಳಿದವರೂ ಕಾಣಿಸತೊಡಗಿದರು. ಕನ್ನಡ ಓದಲು ಬಾರದ ಮಕ್ಕಳು ಬಾಯಿ ಮಾತ್ರ ಆಡಿಸುತ್ತಾ ಕೂತಿರುವುದು. ಈಗ ಹಾಡಿನ ಪುಸ್ತಕ ಇಂಗ್ಲಿಷ್ ಅಕ್ಷರದಲ್ಲೂ ಇದೆ, ಕೆಲವರಿಗೆ ಬೇಸರ, ಇರಲಿ. ಆಸ್ಟ್ರೇಲಿಯನ್ ಅಳಿಯ ಒಬ್ಬರು ಹೊರಗೆ ಕಾರಿನಲ್ಲೇ ಕಾಯುತ್ತಿದ್ದರು, ಅವರಿಗೆ ತಾಳ ಕೊಟ್ಟೆವು. ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುವ ತಾಯಿ ದಂಪತಿ ಪೂಜೆಯ ಸಂಕಲ್ಪದ ಹೊತ್ತಿಗೆ ಅಡುಗೆ ಮನೆ ಸೇರಿಬಿಡುತ್ತಿದ್ದಳು. ಈಗ ಸಂಕಲ್ಪಕ್ಕೆ ಕೂರುವವರು ಮಕ್ಕಳು, ಎಲ್ಲ ಮಕ್ಕಳೂ. ಹಾಲ್ ಹಿಡಿಯುವಾಗ ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ವೀಲ್‌ಚೇರ್ ಹತ್ತುವ ಇಳಿಜಾರು ಇದೆಯಾ, ಟಾಯ್ಲೆಟ್ ಬಾಗಿಲು ಅಗಲ ಇದೆಯಾ ಅಂತ ಕೇಳುತ್ತೇವೆ.

2023ರಲ್ಲಿ ಆ ಸಂಸಾರ ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋಯ್ತು, ಟಾರ್ನೀಟ್ ಕಡೆ. ಹೋಗುವ ಮುಂಚೆ ಅಲ್ಲಿಯ ಮಂಡಳಿಗೆ ನಾನು ಫೋನ್ ಮಾಡಲೇ ಅಂದಿದ್ದಕ್ಕೆ ಆಕೆ ಬೇಡ ಅಂದರು, "ಈ ಸಲ ನಾನೇ ಹೇಳ್ತೀನಿ ಆಂಟಿ." ಹೇಳಿದರು. ಅಲ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಹೊಸಬರು ಯಾರೇ ಬರಲಿ, ಹಿಂದಿನ ದಿನ ಒಬ್ಬರು ಫೋನ್ ಮಾಡುತ್ತಾರೆ: ನಿಮ್ಮ ಮನೆಯವರು ಆರಾಮಾಗಿ ಕೂರಲು ನಾವೇನಾದರೂ ಮಾಡಬೇಕಾ? ಏನು ತೊಂದರೆ ಅಂತ ಕೇಳಲ್ಲ, ಏನು ಬೇಕು ಅಂತ ಮಾತ್ರ. ನಾನು ಉಪನ್ಯಾಸಕ್ಕೆ ಹೋದಾಗ ನನಗೂ ಫೋನ್ ಬಂತು. ಮೊಣಕಾಲು ನೋವು, ಕುರ್ಚಿ ಬೇಕು ಅಂದೆ.

ಹೀಗೆ ಅವತ್ತು ಕನಕ ಜಯಂತಿಗೆ ನಾನು ಕುರ್ಚಿಯಲ್ಲಿ ಕೂತು ಮಾತಾಡುವಾಗ ಆ ತಾಯಿ ಮೂರನೇ ಸಾಲಿನಲ್ಲಿದ್ದರು. ಈ ವಿಷಯ ಹೇಳಲಾ ಅಂತ ಮೊದಲೇ ಕೇಳಿದ್ದೆ. ಹೆಸರು ಬೇಡ, ಅಳಬೇಡಿ, ಎರಡೇ ಷರತ್ತು ಅಂದಿದ್ದರು. ಮೈಕಿನಲ್ಲಿ ಹೊರಗೆ ಕಳಿಸಿದ್ದೆ, ಕ್ಷಮೆಯನ್ನೂ ಮೈಕಿನಲ್ಲೇ ಕೇಳಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಕೇಳಿದೆ. ಎರಡನೇ ಷರತ್ತು ಪಾಲಿಸಲು ಆಗಲಿಲ್ಲ. ಸಭೆ ಮುಗಿದ ಮೇಲೆ ಆಕೆ ಹತ್ತಿರ ಬಂದು ಹೆಚ್ಚು ಏನೂ ಹೇಳಲಿಲ್ಲ. "ಆಯ್ತು ಬನ್ನಿ ಆಂಟಿ, ಪಾಯಸ ಬಿಸಿ ಮಾಡಿದೀನಿ" ಅಂದರು.

ಹುಡುಗನಿಗೆ ಈಗ ಹನ್ನೆರಡು. ಈಗಲೂ ಹಾಡಲ್ಲ, ಈಗಲೂ ದೀಪವೇ ಇಷ್ಟ. ನಾನು ಮಾತಾಡುತ್ತಿದ್ದಷ್ಟು ಹೊತ್ತು ನಾಲ್ಕು ಸಲ ಎದ್ದು ಹೊರಗೆ ಹೋದ, ನಾಲ್ಕು ಸಲ ವಾಪಸ್ ಬಂದ. ಆ ಹಾಲಿನ ಬಾಗಿಲು ತಾನಾಗೇ ಮುಚ್ಚಿಕೊಳ್ಳುವಂಥದ್ದು, ಒಳ್ಳೆ ಭಾರ. ಅದು ಮುಚ್ಚದ ಹಾಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಅಡ್ಡ ಇಟ್ಟಿದ್ದರು. ಮೆಲ್ಬರ್ನ್ ಹವಾ ಗೊತ್ತಲ್ಲ, ಮಧ್ಯಾಹ್ನ ಸೆಕೆ ಇದ್ದದ್ದು ಸಂಜೆಗೆ ತಣ್ಣನೆ ಗಾಳಿ ತಿರುಗಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಶಾಲು ಹೊದ್ದುಕೊಂಡು, ಬಾಗಿಲು ಹಾಕ್ರಪ್ಪಾ ಅಂದರು. ಪಕ್ಕದಲ್ಲಿದ್ದ ಹುಡುಗಿ ತನ್ನ ಜಾಕೆಟ್ ತೆಗೆದು ಅಜ್ಜಿಯ ಕಾಲ ಮೇಲೆ ಹಾಸಿದಳು. ಪೆಟ್ಟಿಗೆ ಅಲ್ಲೇ ಇತ್ತು.

ಶ್ರೀಕೃಷ್ಣಾರ್ಪಣಮಸ್ತು.